ಅಲಗಿನ ಓರೆ

ಡಾಕ್ಟರ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಗೀರುಗಳಿದ್ದವು. ಕೂದಲೆಳೆಗಿಂತ ಸಣ್ಣವು, ಅಡ್ಡಡ್ಡ, ಒಂದರ ಪಕ್ಕ ಒಂದು. ಉಗುರು ಬೆಳೆದಂತೆ ಹಳೆಯ ಗೀರುಗಳು ಮುಂದಕ್ಕೆ ಸರಿಯುತ್ತಿದ್ದವು, ಬುಡದಲ್ಲಿ ಹೊಸವು ಬೀಳುತ್ತಿದ್ದವು. ಚಾಕು ಮಸೆದಾದ ಮೇಲೆ ಅವರು ಅದರ ಅಲಗನ್ನು ಭಾರ ಹಾಕದೆ ಉಗುರಿನ ಮೇಲಿಟ್ಟು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಲಗು ಜಾರಿದರೆ ಮೊಂಡು, ಇಟ್ಟಲ್ಲೇ ಕಚ್ಚಿ ನಿಂತರೆ ಹರಿತ. ಜಾರಲಿ, ಕಚ್ಚಲಿ, ಅವರ ಮುಖದಲ್ಲಿ ಮಾತ್ರ ಸಮಾಧಾನ ಕಾಣುತ್ತಿರಲಿಲ್ಲ. "ಇನ್ನೊಂದ್ಸಲ ನೋಡೋಣ" ಎಂದು ಮತ್ತೆ ಮಸೆಗಲ್ಲಿನ ಕಡೆ ತಿರುಗುತ್ತಿದ್ದರು.

ನಾನು ಅವರ ಕೈಕೆಳಗೆ ಕಾಂಪೌಂಡರ್ ಆಗಿದ್ದೆ. ಹೆಗ್ಗಡದೇವನಕೋಟೆಯಿಂದ ಕಾಡಿನ ಕಡೆಗೆ ಗಾಡಿ ಹೂಡಿಕೊಂಡು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಸಿಗುವ ಒಂದು ಊರಿನಲ್ಲಿ ಸಣ್ಣ ಔಷಧಾಲಯವಿತ್ತು. ಮಹಾರಾಜರ ಕಾಲ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ಎರಡು ಕೋಣೆ, ಒಂದು ಜಗಲಿ, ಹಿಂದೆ ಡಾಕ್ಟರ ಬಿಡಾರ. ಬರುವವರಲ್ಲಿ ಮುಕ್ಕಾಲು ಪಾಲು ಚಳಿಜ್ವರದವರು. ಉಳಿದವರು ಕಾಲಿಗೆ ಮುಳ್ಳು ಚುಚ್ಚಿಸಿಕೊಂಡವರು, ಕುರು ಎದ್ದವರು, ಮರ ಕಡಿಯುವಾಗ ಕೈ ಕೊಯ್ದುಕೊಂಡವರು.

ಡಾಕ್ಟರು ಮೈಸೂರಿನ ಕಡೆಯವರು. ಹೊಸದಾಗಿ ಮದುವೆಯಾಗಿದ್ದರೂ ಹೆಂಡತಿಯನ್ನು ಕರೆತಂದಿರಲಿಲ್ಲ. ಈ ಊರಿನ ಜ್ವರ ಆಕೆಗೆ ತಗುಲಿದರೆ ಎಂಬ ಭಯ. ಅವರಿಗೆ ಭಯವಿಲ್ಲದ ವಿಷಯವೇ ಇರಲಿಲ್ಲ ಎನ್ನಬೇಕು. ಊಟಕ್ಕೆ ಕೂತವರು ಅರ್ಧಕ್ಕೆ ಎದ್ದು, ಕೈಯನ್ನೂ ತೊಳೆಯದೆ ಬಂದು, ವಿಷದ ಔಷಧಿಗಳ ಬೀರುವಿಗೆ ಬೀಗ ಬಿದ್ದಿದೆಯೇ ಎಂದು ಎಳೆದು ನೋಡುತ್ತಿದ್ದರು. ನಾನು ಅಳೆದುಕೊಟ್ಟ ಔಷಧಿಯ ಸೀಸೆಯನ್ನು ರೋಗಿಯ ಕೈಯಿಂದ ವಾಪಸು ತೆಗೆದುಕೊಂಡು ಬೆಳಕಿಗೆ ಹಿಡಿಯುತ್ತಿದ್ದರು. "ನಿಮ್ಮ ಮೇಲೆ ಅನುಮಾನ ಅಲ್ಲ ಕಾಂಪೌಂಡರೇ, ನನ್ನ ಕಣ್ಣಿನ ಮೇಲೆ ಅನುಮಾನ" ಎನ್ನುತ್ತಿದ್ದರು. ಮಾತಾಡುವಾಗ ದನಿ ಸ್ವಲ್ಪ ನಡುಗುತ್ತಿತ್ತು. ಊರಿನವರು ಅವರ ಬೆನ್ನ ಹಿಂದೆ 'ಪುಕ್ಲು ಡಾಕ್ಟ್ರು' ಎಂದು ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. "ನಿಜ ತಾನೇ ಹೇಳ್ತಿರೋದು" ಎಂದು ಸುಮ್ಮನಾಗುತ್ತಿದ್ದರು.

ಆ ಭಯವೆಲ್ಲ ಒಟ್ಟಾಗಿ ಕೂತಿದ್ದದ್ದು ಚಾಕುಗಳ ಮೇಲೆ. ಔಷಧಾಲಯದಲ್ಲಿ ಇದ್ದವೆಲ್ಲ ವಿಲಾಯಿತಿ ಕಾರ್ಖಾನೆಯ ಚಾಕುಗಳು. ಯುದ್ಧ ಶುರುವಾದ ಮೇಲೆ ಹೊಸವು ಬರುವುದು ನಿಂತಿತು. ಇದ್ದವನ್ನೇ ಮಸೆದು ಮಸೆದು ಕೆಲಸ ನಡೆಸಬೇಕು. ಕಾರ್ಖಾನೆಯ ಚಾಕುಗಳಿಗೆ ಒಂದು ಗುಣವಿತ್ತು: ಯಂತ್ರ ಎಲ್ಲಕ್ಕೂ ಒಂದೇ ಓರೆ ಕೊಟ್ಟು ಕಳಿಸುತ್ತಿತ್ತು. ಅಲಗೆಂದರೆ ಎರಡು ಇಳಿಜಾರು ಸೇರುವ ಅಂಚು ತಾನೇ. ಆ ಎರಡು ಇಳಿಜಾರಿನ ನಡುವಿನ ಓರೆ ಕಿರಿದಾಗಿದ್ದರೆ ಚಾಕು ಒತ್ತದೆಯೇ ಒಳಗಿಳಿಯುತ್ತದೆ, ಆದರೆ ಅಂಚು ಎಲೆಯಷ್ಟು ತೆಳು. ಗಟ್ಟಿ ಪದಾರ್ಥ ಸಿಕ್ಕರೆ ಮಡಚುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ. ಓರೆ ಅಗಲವಾಗಿದ್ದರೆ ಅಂಚು ಬಾಳುತ್ತದೆ, ಆದರೆ ಕೈಯಿಂದ ಒತ್ತಬೇಕು. ಡಾಕ್ಟರಿಗೆ ಒತ್ತುವುದೆಂದರೆ ಆಗದು. "ಕೈ ಒತ್ತಬೇಕು ಅನ್ನಿಸಿದ್ರೆ ಎಲ್ಲಿ ನಿಲ್ಲುತ್ತೆ ಅಂತ ಕೈಗೇ ಗೊತ್ತಿರಲ್ಲ ಕಣ್ರೀ" ಎನ್ನುತ್ತಿದ್ದರು. ಹಾಗಾಗಿ ಬಂದ ಹೊಸದರಲ್ಲಿ ಇದ್ದಬದ್ದ ಚಾಕುಗಳನ್ನೆಲ್ಲ ತೆಳ್ಳಗೆ, ಇನ್ನೂ ತೆಳ್ಳಗೆ ಮಸೆದಿಟ್ಟರು.

ಒಂದು ದಿನ ಮರದ ದಿಮ್ಮಿ ಸಾಗಿಸುವ ಗಾಡಿಯವನೊಬ್ಬ ಕುಂಟುತ್ತ ಬಂದ. ಬಿದಿರಿನ ಮುಳ್ಳು ಅಂಗಾಲಿನಲ್ಲಿ ಮುರಿದು ಕೀವಾಗಿತ್ತು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ನಡೆದ ಕಾಲು, ಅಂಗಾಲು ಒಣಗಿದ ಎಮ್ಮೆ ಚರ್ಮದ ಹಾಗಿತ್ತು. ಡಾಕ್ಟರು ಕೊಯ್ದರು, ಕೀವು ಬಂತು, ಮುಳ್ಳೂ ಬಂತು. ನಾನು ಕಟ್ಟು ಕಟ್ಟಿದೆ. ಗಾಡಿಯವನು ಕೈಮುಗಿದು ಹೋದ. ಆಮೇಲೆ ಚಾಕು ಒರೆಸುತ್ತಿದ್ದ ಡಾಕ್ಟರು ನಿಂತಲ್ಲೇ ನಿಂತರು. ಕಿಟಕಿಯ ಹತ್ತಿರ ಹೋಗಿ, ಭೂತಗನ್ನಡಿ ಹಿಡಿದು ಅಲಗನ್ನು ನೋಡಿದರು. ಅಂಚಿನಲ್ಲಿ ಜೀರಿಗೆಯ ತುದಿಯಷ್ಟು ಚಕ್ಕೆ ಎದ್ದುಹೋಗಿತ್ತು.

"ಕಾಲೊಳಗಿದೆ" ಎಂದರು.

"ಕೀವಿನ ಜೊತೆ ಬಂದಿರುತ್ತೆ ಸಾರ್" ಎಂದೆ.

"ಬಂದಿರುತ್ತೆ ಅಂತ ನೀವು ಹೇಳ್ತೀರಿ. ಬಂದಿದೆಯಾ?"

ಕೀವು ಒರೆಸಿದ ಬಟ್ಟೆಯನ್ನು ಆಗಲೇ ಸುಟ್ಟಾಗಿತ್ತು. ಬಾಗಿಲು ಹಾಕಿಸಿ, ಪಟೇಲರ ಮನೆಯ ಗಾಡಿ ಕೇಳಿ ತಂದು, ನನ್ನನ್ನೂ ಕೂರಿಸಿಕೊಂಡು ಅವನನ್ನು ಹುಡುಕುತ್ತ ಹೊರಟರು. ದಾರಿಯುದ್ದಕ್ಕೂ ಒಂದೇ ಮಾತು: ಉಕ್ಕಿನ ಚೂರು ಕಾಲಿನಲ್ಲಿ ಉಳಿದರೆ ಏನಾಗುತ್ತದೆ, ಧನುರ್ವಾಯು ಬಂದರೆ ಏನು ಗತಿ, ಅವನಿಗೆ ಮಕ್ಕಳೆಷ್ಟು. ಕಾಡಿನಂಚಿನ ಹಟ್ಟಿಯಲ್ಲಿ ಅವನು ಮನೆಯ ಮುಂದೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಡಾಕ್ಟರು ಗಾಡಿಯಿಂದ ಇಳಿದದ್ದನ್ನು ನೋಡಿ ಹೌಹಾರಿ ಎದ್ದುನಿಂತ.

"ಏನಾಯ್ತು ಬುದ್ಧಿ? ನಾನೇನಾರ ತಪ್ ಮಾಡುದ್ನಾ?"

"ನೀನಲ್ಲಪ್ಪ, ನಾನು. ಕೂತ್ಕೋ, ಕಾಲು ಕೊಡು" ಎಂದು ಡಾಕ್ಟರು ನೆಲದ ಮೇಲೆ ಕೂತೇಬಿಟ್ಟರು. ಕಟ್ಟು ಬಿಚ್ಚಿ, ಕಾದಾರಿದ ನೀರಿನಲ್ಲಿ ಗಾಯವನ್ನು ತೊಳೆದರು. ನಾನು ಬಿಳಿ ಬಟ್ಟೆ ಹಿಡಿದೆ. ಬಟ್ಟೆಯ ಮೇಲೆ ಕೊನೆಗೂ ಒಂದು ಚುಕ್ಕಿ ಮಿನುಗಿತು. ಡಾಕ್ಟರು ಅದನ್ನು ಚಾಕುವಿನಲ್ಲಿ ಚಕ್ಕೆ ಎದ್ದ ಜಾಗಕ್ಕೆ ಜೋಡಿಸಿ, ಭೂತಗನ್ನಡಿಯಲ್ಲಿ ನೋಡಿ, ನನಗೂ ತೋರಿಸಿ, ಆಮೇಲೆ ಉಸಿರುಬಿಟ್ಟರು.

ಗಾಡಿಯವನಿಗೆ ನಗು. "ಇಷ್ಟುದ್ಕೆ ಬಂದ್ರಾ ಬುದ್ಧಿ? ನನ್ ಕಾಲ್ನಾಗೆ ಇದ್ಕಿಂತ ದೊಡ್ವು ಎಷ್ಟವೋ. ಅವೂ ಇರ್ಲಿ ಬುಡಿ, ಜೊತೆಗೆ ಒಂದು."

ಡಾಕ್ಟರು ನಗಲಿಲ್ಲ. ಮರುದಿನ ಬಿದಿರು ತರಿಸಿದರು. ಸಣ್ಣ ದಬ್ಬೆಗಳನ್ನು ಸೀಳಿ, ನಡುವೆ ಸೀಳು ಬಿಟ್ಟು, ಮಸೆಯುವಾಗ ಚಾಕುವಿನ ಬೆನ್ನಿಗೆ ಸಿಕ್ಕಿಸುವಂತೆ ಮಾಡಿಕೊಂಡರು. ದಬ್ಬೆ ದಪ್ಪವಿದ್ದರೆ ಚಾಕುವಿನ ಬೆನ್ನು ಕಲ್ಲಿನಿಂದ ಮೇಲೇಳುತ್ತದೆ, ಓರೆ ಅಗಲವಾಗುತ್ತದೆ. ತೆಳುವಿದ್ದರೆ ಓರೆ ಕಿರಿದು. ಎಷ್ಟು ಸಲ ಎಳೆದರೂ ಓರೆ ಬದಲಾಗುವುದಿಲ್ಲ. ಅಂದಿನಿಂದ ಅಂಗಾಲಿನ ಚಾಕುವೇ ಬೇರೆ, ಕುರುವಿನ ಚಾಕುವೇ ಬೇರೆ ಆಯಿತು. ಒಂದರ ಕೆಲಸಕ್ಕೆ ಇನ್ನೊಂದನ್ನು ಕೊಟ್ಟರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಕುದಿಸಿದರೆ ಅಲಗು ಸಾಯುತ್ತದೆಂದು ಸ್ಪಿರಿಟ್ಟಿನಲ್ಲಿ ಮುಳುಗಿಸಿ ಇಡುತ್ತಿದ್ದರು. ಮೂರನೆಯದೊಂದು ಚಾಕು ಅವರ ಸ್ವಂತದ್ದು, ಕಣ್ಣಿನದು. ಹಿಂದೆ ಅವರು ಕೆಲಕಾಲ ಕಣ್ಣಿನ ವಿಭಾಗದಲ್ಲಿ ಕೆಲಸ ಕಲಿತಿದ್ದರಂತೆ. ಭತ್ತದ ಹುಲ್ಲಿಗಿಂತ ಕಿರಿದಾದ ಆ ಚಾಕು ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು. ಅದನ್ನು ಅವರು ಈ ಊರಿನಲ್ಲಿ ಹೊರಗೆ ತೆಗೆದದ್ದನ್ನು ನಾನು ನೋಡಿರಲಿಲ್ಲ.

ನನ್ನ ತಾಯಿ ಹನಗೋಡಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಅವಳ ಎಡಗಣ್ಣು ನಾನು ಚಿಕ್ಕವನಿದ್ದಾಗಲೇ ಹೋಗಿತ್ತು. ಊರೂರು ಅಲೆಯುತ್ತ ಸೂಜಿಯಲ್ಲಿ ಕಣ್ಣಿನ ಪೊರೆ ತಳ್ಳುವವನೊಬ್ಬ ಬಂದು, ಒಂದು ಗಳಿಗೆ ಕಾಣಿಸುವಂತೆ ಮಾಡಿ, ಅಕ್ಕಿ ಬೇಳೆ ಕಟ್ಟಿಸಿಕೊಂಡು ಹೊಳೆ ದಾಟಿದ. ವಾರ ಕಳೆಯುವುದರೊಳಗೆ ಆ ಕಣ್ಣು ಕೀವಾಗಿ ಒಣಗಿಹೋಯಿತು. ಈಗ ಬಲಗಣ್ಣಿಗೂ ಪೊರೆ ಬಂದು ಮುಚ್ಚಿತ್ತು. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಾಳೆ, ಒಮ್ಮೆ ಒಲೆಯೊಳಗೇ ಕೈಯಿಟ್ಟಳು ಎಂದು ಅಣ್ಣ ಹೇಳಿಕಳಿಸಿದ ಮೇಲೆ ಅವಳನ್ನು ನನ್ನ ಬಳಿಗೆ ಕರೆತಂದೆ.

ಡಾಕ್ಟರು ದೀಪವನ್ನು ಅವಳ ಮುಖದ ಮುಂದೆ ಅತ್ತಿತ್ತ ಆಡಿಸಿದರು. ಬೆಳಕು ಯಾವ ಕಡೆ ಇದೆಯೆಂದು ಅವಳು ಸರಿಯಾಗಿ ಹೇಳಿದಳು. "ಪೊರೆ ಹಣ್ಣಾಗಿದೆ, ಕಣ್ಣು ಜೀವಂತ ಇದೆ" ಎಂದ ಡಾಕ್ಟರು ದೀಪವನ್ನು ಕೆಳಗಿಟ್ಟು ಹಿಂದೆ ಸರಿದರು. "ಮೈಸೂರಿಗೆ ಕರ್ಕೊಂಡು ಹೋಗಿ ಕಾಂಪೌಂಡರೇ. ಅಲ್ಲಿ ದೊಡ್ಡ ಡಾಕ್ಟರಿದ್ದಾರೆ. ಹೊಸ ಚಾಕು ಇದ್ದರೂ ಇರಬಹುದು. ನನ್ನದು ಹಿಂದೆಯೇ ಮಸೆದು ಮಸೆದು ಸವೆದುಹೋಗಿದೆ."

"ಮೈಸೂರ್ಗೆ ನಾನು ಓಗಲ್ಲ" ಎಂದಳು ಅವ್ವ.

"ಯಾಕವ್ವ?" ಎಂದೆ.

"ನನ್ ಆ ಕಣ್ಗೆ ಸೂಜಿ ಆಕ್ದೋನು ನಗ್ತಾ ನಗ್ತಾ ಆಕ್ದ ಕಣಪ್ಪ. ಒಂದ್ ಚೂರೂ ಅಂಜ್ಕೆ ಇರ್ನಿಲ್ಲ ಅವ್ನಿಗೆ. ಈ ಬುದ್ಧಿಯೋರು ದೀಪ ಹಿಡ್ಯಾಕೇ ಇಷ್ಟು ಅಂಜ್ತಾವ್ರೆ. ಅಂಜೋರ ಕೈಗೆ ಕಣ್ ಕೊಡ್ಬೋದು."

ಡಾಕ್ಟರು ಕುರ್ಚಿಯಲ್ಲಿ ಕೂತರು. "ಅಮ್ಮ, ನಿಮಗಿರೋದು ಒಂದೇ ಕಣ್ಣು" ಎಂದರು.

"ಅದ್ಕೇ ನಿಮ್ತಾವ ಬಂದಿರೋದು ಬುದ್ಧಿ."

ಡಾಕ್ಟರು ಒಳಗೆ ಹೋಗಿ ಮಖಮಲ್ಲಿನ ಪೆಟ್ಟಿಗೆಯನ್ನು ತಂದರು.

ಅಲ್ಲಿಂದ ಮುಂದೆ ಪ್ರತಿದಿನ ರೋಗಿಗಳು ಹೋದ ಮೇಲೆ ಜಗಲಿಯಲ್ಲಿ ಕೂತು ಅವರು ಮಸೆಯುತ್ತಿದ್ದರು. ಎಳೆಯ ಮೇಕೆಯ ಚರ್ಮವನ್ನು ಹದ ಮಾಡಿಸಿ, ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗೆ ಹೆರೆದು, ಬಿದಿರಿನ ಬಳೆಗೆ ಬಿಗಿದು ಕಟ್ಟಿಕೊಂಡಿದ್ದರು. ಚಾಕುವಿನ ಮೊನೆಯನ್ನು ಆ ಚರ್ಮದ ಮೇಲಿಟ್ಟು ಬೆರಳು ಸಡಿಲಿಸಬೇಕು. ಚಾಕು ತನ್ನ ಭಾರದಿಂದಲೇ ಸದ್ದಿಲ್ಲದೆ ಇಳಿದುಹೋಗಬೇಕು. 'ಪಟ್' ಎಂದು ಸಣ್ಣ ಸದ್ದು ಬಂದರೂ ಅಂಚು ಹರಿಯುತ್ತಿದೆ, ಕೊಯ್ಯುತ್ತಿಲ್ಲ ಎಂದರ್ಥ. ಮೊದಲು ಸದ್ದು ಬಂತು. ಮತ್ತೆ ಮಸೆದರು. ಮತ್ತೂ ಬಂತು. ಇನ್ನೂ ತೆಳುವಾದ ದಬ್ಬೆ ಸಿಕ್ಕಿಸಿ ಓರೆಯನ್ನು ಕಿರಿದು ಮಾಡಿದರು. ಈಗ ಸದ್ದಿಲ್ಲದೆ ಇಳಿಯಿತು. ನನಗೆ ಸಂತೋಷವಾಯಿತು. ಅವರು ಭೂತಗನ್ನಡಿಯನ್ನು ತೆಗೆದುಕೊಂಡರು.

"ನೋಡಿ" ಎಂದು ಕೊಟ್ಟರು. ಮೊನೆಯ ಹತ್ತಿರ ಅಂಚು ಒಂದು ಕಡೆಗೆ ಮಡಚಿಕೊಂಡಿತ್ತು, ಬಿಸಿಲಿಗೆ ಬಾಡಿದ ಎಲೆಯ ತುದಿಯಂತೆ.

"ಅತಿ ಕಿರಿದಾಯ್ತು. ಕಣ್ಣಿನ ಕರಿಗುಡ್ಡೆ ಮೇಲಿನ ಪರದೆ ಕಾಣಕ್ಕೆ ನೀರಿನ ಹಾಗಿದ್ರೂ ಈ ಚರ್ಮಕ್ಕಿಂತ ಗಟ್ಟಿ. ಒಳಗೆ ಹೋಗಿ ಅರ್ಧದಲ್ಲಿ ಮಡಚಿದ್ರೆ…" ಎಂದರು. ಆ ಅರ್ಧದಲ್ಲಿ ಮುಂದಕ್ಕೂ ಹೋಗುವಂತಿಲ್ಲ, ಹಿಂದಕ್ಕೂ ತೆಗೆಯುವಂತಿಲ್ಲ ಎಂಬುದು ನನಗೂ ಗೊತ್ತಿತ್ತು.

ಪ್ರತಿ ಸಲ ಮಸೆದಾಗಲೂ ಉಕ್ಕು ಕರಗುತ್ತದೆ. ಆ ಹುಲ್ಲಿನಂಥ ಚಾಕುವಿನಲ್ಲಿ ಕರಗಲು ಇನ್ನೆಷ್ಟು ಉಳಿದಿತ್ತು? ಮಡಚಿದ ಅಂಚನ್ನು ತೆಗೆದು, ಕೂದಲೆಳೆಯಷ್ಟು ಹೆಚ್ಚು ದಪ್ಪದ ಬೇರೆ ದಬ್ಬೆ ಸಿಕ್ಕಿಸಿ ಅವರು ಮೊದಲಿನಿಂದ ಶುರುಮಾಡಿದರು. "ಇದೇ ಕೊನೆ" ಎಂದರು. "ಇದೂ ಕೆಟ್ಟರೆ ನಿಮ್ಮ ತಾಯಿಯನ್ನು ಹೊತ್ಕೊಂಡಾದ್ರೂ ಮೈಸೂರಿಗೆ ಹೋಗ್ಬೇಕು." ಅವ್ವ ಒಳಗಿನ ಕೋಣೆಯಲ್ಲಿ ಕೂತು ಕಲ್ಲಿನ ಸದ್ದು ಕೇಳುತ್ತಿದ್ದಳು. ಊಟ ಬಡಿಸಿದಾಗ ನನ್ನ ಕೈ ಹಿಡಿದು, "ಎಂಗೈತಪ್ಪ ಅವ್ರ ಚಾಕು?" ಎಂದು ಕೇಳುತ್ತಿದ್ದಳು. ಮನೆಯಲ್ಲಿ ಜ್ವರ ಬಂದ ಮಗುವಿನ ವಿಚಾರ ಕೇಳಿದ ಹಾಗಿರುತ್ತಿತ್ತು.

ಕೊನೆಗೆ ಒಂದು ಸಂಜೆ ಚಾಕು ಚರ್ಮದ ಮೂಲಕ ನೀರಿನಲ್ಲಿ ಮುಳುಗುವ ಹಾಗೆ ಇಳಿಯಿತು. ಭೂತಗನ್ನಡಿಯಲ್ಲಿ ಅಂಚು ನೆಟ್ಟಗಿತ್ತು. ಅದನ್ನು ಉಗುರಿಗೂ ತಾಗಿಸದೆ ಅವರು ಸ್ಪಿರಿಟ್ಟಿಗೆ ಇಳಿಸಿದರು.

ಮರುದಿನ ಬೆಳಿಗ್ಗೆ ಬಿಸಿಲು ಜಗಲಿಗೆ ಬಂದ ಹೊತ್ತಿಗೆ ಅವ್ವನನ್ನು ಮೇಜಿನ ಮೇಲೆ ಮಲಗಿಸಿದೆವು. ಕಣ್ಣು ಜೋಮು ಹಿಡಿಯುವ ಹನಿ ಹಾಕಿ ಕಾದೆವು. ಅವಳ ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುವುದು ನನ್ನ ಕೆಲಸ. ಡಾಕ್ಟರ ಕೈ ನಡುಗುತ್ತಿದ್ದುದನ್ನು ಅಷ್ಟು ಹತ್ತಿರದಿಂದ ನೋಡಿ ನನಗೆ ಬೇಡವೆನ್ನಿಸಿತು, ಬಾಯಿಬಿಟ್ಟು ಹೇಳಿಬಿಡಲೇ ಎಂದುಕೊಂಡೆ. ಅವ್ವನಿಗೆ ಅವರ ಉಸಿರು ಕೇಳಿಸುತ್ತಿತ್ತೇನೋ.

"ಎದ್ರುಕೋಬ್ಯಾಡಿ ಬುದ್ಧಿ. ನಾನು ಅಳ್ಳಾಡಲ್ಲ" ಎಂದಳು.

"ಇಲ್ಲಮ್ಮ. ಪಾದದ ಕಡೆ ನೋಡಿ" ಎಂದು ಅವರು ಕಿರುಬೆರಳನ್ನು ಅವಳ ಕೆನ್ನೆಯ ಮೂಳೆಗೆ ಊರಿದರು. ಊರಿದ ಮೇಲೆ ನಡುಕ ಬೆರಳುಗಳಿಂದ ಇಳಿದು ತೋಳಿಗೆ ಹೋಯಿತು. ತೋಳು ನಡುಗುತ್ತಲೇ ಇತ್ತು, ಚಾಕು ಮಾತ್ರ ನಿಂತಿತ್ತು. ಮೊನೆ ಕರಿಗುಡ್ಡೆಯ ಒಂದು ಅಂಚಿನಲ್ಲಿ ಒಳಹೋಗಿ, ಬಿಳಿ ಪೊರೆಯ ಮುಂದೆ ಹಾದು, ಇನ್ನೊಂದು ಅಂಚಿನಲ್ಲಿ ಹೊರಗೆ ಕಾಣಿಸಿತು. ಒತ್ತಿದ್ದೇ ಕಾಣಲಿಲ್ಲ. ಮೇಲಕ್ಕೆ ಒಮ್ಮೆ ಎಳೆದರು, ಹಿಂದಕ್ಕೊಮ್ಮೆ. ಕೊಯ್ತ ತೆರೆಯಿತು. ಹಣ್ಣಾದ ಪೊರೆ ಹಲಸಂದೆ ಕಾಳಿನಂತೆ ಜಾರಿ ಬಂತು. ಅವ್ವನ ಕಣ್ಣಿಗೆ ಪಟ್ಟಿ ಕಟ್ಟಿದ ಮೇಲೆ ಡಾಕ್ಟರು ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡರು.

ಆದರೆ ಅವರ ಭಯಕ್ಕೆ ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಗಾಯ ಕೂಡುವವರೆಗೆ ಅವ್ವ ಅಲುಗದೆ ಮಲಗಬೇಕು. ಕೆಮ್ಮಬಾರದು, ಸೀನಲಂತೂ ಬಾರದು. ಸೀನಿದರೆ ಕೊಯ್ತ ಬಾಯಿಬಿಟ್ಟು ಕಣ್ಣಿನ ಒಳಗಿನದೆಲ್ಲ ಹೊರಬಂದುಬಿಡುತ್ತದೆ. ಸುತ್ತಮುತ್ತ ಮನೆಗಳು. ದಿನಾ ಒಗ್ಗರಣೆ, ಒಣಮೆಣಸಿನಕಾಯಿ. ಡಾಕ್ಟರು ಮನೆಮನೆಯ ಬಾಗಿಲಿಗೆ ಹೋಗಿ ನಿಂತು ಕೈಮುಗಿದರು. "ತಾಯಿ, ಸ್ವಲ್ಪ ದಿನ ಮೆಣಸಿನಕಾಯಿ ಹುರೀಬೇಡಿ. ಒಗ್ಗರಣೆ ಬೇಕೇಬೇಕಂದ್ರೆ ಜೀರಿಗೆ ಹಾಕ್ಕೊಳ್ಳಿ." ಸರ್ಕಾರಿ ಡಾಕ್ಟರು ಹೀಗೆ ಒಲೆಯ ವಿಚಾರಕ್ಕೆ ಬಂದದ್ದು ಕಂಡು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆದರೂ ಮಾತು ನಡೆಸಿಕೊಟ್ಟರು.

ಒಂದು ಮಧ್ಯಾಹ್ನ ಮಾತ್ರ ಯಾರ ಮನೆಗೋ ನೆಂಟರು ಬಂದು, ವಿಷಯ ತಿಳಿಯದೆ ಮೆಣಸಿನಕಾಯಿ ಹುರಿದರು. ಘಾಟು ಗಾಳಿಯಲ್ಲಿ ತೇಲಿಬಂತು. ಅವ್ವನ ಮೂಗು ಅರಳಿತು, ಎದೆ ಮೇಲೆದ್ದಿತು. ಡಾಕ್ಟರು ಪಕ್ಕದ ಕೋಣೆಯಿಂದ ರೋಗಿಯ ನಾಡಿ ಬಿಟ್ಟು ಓಡಿಬಂದು ಅವಳ ಮೇಲ್ತುಟಿಯನ್ನು ಮೂಗಿನ ಬುಡಕ್ಕೆ ಗಟ್ಟಿಯಾಗಿ ಅದುಮಿ ಹಿಡಿದರು. "ಬಾಯಲ್ಲಿ ಉಸಿರಾಡಿ ಅಮ್ಮ, ಬಾಯಲ್ಲಿ, ಬಾಯಲ್ಲಿ…" ಸೀನು ಬರಲಿಲ್ಲ. ಘಾಟಿಗೆ ಅವರ ಕಣ್ಣಲ್ಲೂ ಮೂಗಲ್ಲೂ ನೀರು ಸುರಿಯುತ್ತಿತ್ತು, ಕೈ ಮಾತ್ರ ತೆಗೆಯಲಿಲ್ಲ. ಹೊರಗೆ ಬಂದು ಎರಡು ಸಲ ಜೋರಾಗಿ ಸೀನಿದವರು ಅವರೇ.

ಪಟ್ಟಿ ಬಿಚ್ಚುವ ದಿನ ಅವರು ಕಿಟಕಿಗೆ ಪಂಚೆ ಕಟ್ಟಿ ಬೆಳಕು ತಗ್ಗಿಸಿದರು. ಹತ್ತಿಯನ್ನು ತೆಗೆದು, ಅವ್ವನ ಮುಖದ ಮುಂದೆ ಬೆರಳು ಹಿಡಿದರು. "ಎಷ್ಟು ಬೆರಳು ಅಮ್ಮ?" ಎಂದರು. ದನಿ ಪೂರಾ ಒಡೆದುಹೋಗಿತ್ತು.

ಅವ್ವ ಬೆರಳು ನೋಡಲಿಲ್ಲ. ಮುಖ ಮುಂದಕ್ಕೆ ಚಾಚಿ ಅವರನ್ನೇ ನೋಡಿದಳು.

"ಅಯ್ಯೋ, ತಲೆ ಇಷ್ಟು ಕರ್ರಗೈತಲ್ಲಾ! ಇಷ್ಟು ಚಿಕ್ಕೋರಾ ನೀವು? ದನಿ ಕೇಳಿ ಮುದುಕ್ರು ಅನ್ಕಂಡಿದ್ನಲ್ಲಪ್ಪ!"

ಡಾಕ್ಟರಿಗೆ ಆಗಿನ್ನೂ ಮೂವತ್ತರ ಆಸುಪಾಸು. ಅವರು ಬೆರಳುಗಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದರು, ಇಳಿಸಲು ಮರೆತವರಂತೆ. ಆಮೇಲೆ, "ಎಷ್ಟು ಅಂತ ಹೇಳಿ ಅಮ್ಮ, ದಯವಿಟ್ಟು" ಎಂದರು. ಅವ್ವ ಎಣಿಸಿ ಹೇಳಿದಳು. ಸರಿಯಾಗಿತ್ತು.

ಸುದ್ದಿ ಹುಣಸೂರಿನವರೆಗೂ ಹೋಯಿತು. ಕಣ್ಣು ಕಾಣದವರನ್ನು ಗಾಡಿಗಳಲ್ಲಿ ಕರೆತರತೊಡಗಿದರು. ಬೇರೆ ಯಾರಾದರೂ ಆಗಿದ್ದರೆ ಆ ಹೆಸರಿನ ಮೇಲೆ ಬಾಳುತ್ತಿದ್ದರು. ಇವರು ಕರೆತಂದವರಿಗೆಲ್ಲ ಸವೆದ ಚಾಕುವನ್ನು ತೋರಿಸಿ, "ಇದರಲ್ಲಿ ಇನ್ನು ಮಸೆಯೋಕೆ ಏನೂ ಉಳಿದಿಲ್ಲ, ಮೈಸೂರಿಗೆ ಹೋಗಿ" ಎಂದು ಹೇಳಿ ಕಳಿಸಿದರು. ಬಂದವರು ಬೈದುಕೊಂಡು ಹೋದರು. ಹಳೆಯ ಅಡ್ಡಹೆಸರು ಮತ್ತೆ ಊರಿನಲ್ಲಿ ಓಡಾಡಿತು. "ಧೈರ್ಯ ಮಾಡಬಹುದಿತ್ತಲ್ಲ ಸಾರ್" ಎಂದು ನಾನೂ ಒಮ್ಮೆ ಅಂದೆ. "ಧೈರ್ಯ ನನ್ನದು, ಕಣ್ಣು ಅವರದು" ಎಂದರು. ಅವರ ಬಾಯಿಂದ ಅಷ್ಟು ಗಡುಸಾದ ಮಾತು ಬಂದದ್ದು ಅದೊಂದೇ ಸಲ.

ಯುದ್ಧ ಮುಗಿಯುವುದಕ್ಕೆ ಮುಂಚೆಯೇ ಅವರಿಗೆ ದೂರದ ಕಡೆಗೆ ವರ್ಗವಾಯಿತು. ಅವ್ವ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಮತ್ತೆ ಬಹಳ ವರ್ಷ ಬದುಕಿದಳು. ನನ್ನ ಮದುವೆ ನೋಡಿದಳು. ನನ್ನ ಮಗಳ ತಲೆಯಲ್ಲಿ ಹೇನು ಹುಡುಕಿದಳು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ಒಂದು ದಿನ ಎದೆನೋವೆಂದು ಮೊರವನ್ನು ಪಕ್ಕಕ್ಕಿಟ್ಟು ಮಲಗಿದಳು, ಮತ್ತೆ ಏಳಲಿಲ್ಲ.

ಅದಾದ ಮುಂದಿನ ವರ್ಷ, ಆಗ ನಾನು ಕೃಷ್ಣರಾಜನಗರದಲ್ಲಿದ್ದೆ, ಡಾಕ್ಟರು ಮೈಸೂರಿನಲ್ಲಿ ತೀರಿಕೊಂಡರೆಂದು ಬೆಳಗಿನ ರೈಲಿಗೆ ಬಂದವರೊಬ್ಬರು ಹೇಳಿದರು. ಸಿಕ್ಕಿದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೊತ್ತು ಮೀರಿದರೆ ಎಂಬ ಆತಂಕ. ಮನೆ ಹುಡುಕಿಕೊಂಡು ಹೋದಾಗ ಅವರನ್ನು ಇನ್ನೂ ಪಡಸಾಲೆಯಲ್ಲೇ ಮಲಗಿಸಿದ್ದರು. ಕೂದಲು ನೆರೆತಿತ್ತು. ಅವರ ಹೆಂಡತಿ ತಲೆಯ ಹತ್ತಿರ ಕೂತಿದ್ದರು. ಆಕೆಯನ್ನು ನಾನು ನೋಡುತ್ತಿದ್ದುದು ಅದೇ ಮೊದಲು. ಹೆಗ್ಗಡದೇವನಕೋಟೆ ಕಡೆಯ ಔಷಧಾಲಯದಲ್ಲಿ ಕಾಂಪೌಂಡರ್ ಆಗಿದ್ದೆನೆಂದು ಹೇಳಿಕೊಂಡೆ.

ಆಕೆ ತಟ್ಟನೆ ತಲೆಯೆತ್ತಿದರು. "ಕಾಂಪೌಂಡರೇ? ನಿಮ್ಮ ತಾಯಿಗೆ ಈಗಲೂ ಕಾಣಿಸುತ್ತಾ?"

ನಾನು ಉತ್ತರ ಕೊಡಲು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು: "ಆ ಕಡೆಯಿಂದ ಯಾರು ಬಂದ್ರೂ ಇವರು ಇದನ್ನೇ ಕೇಳ್ತಿದ್ರು. ಯಾರಿಗೂ ಸರಿಯಾಗಿ ಗೊತ್ತಿರ್ತಿರಲಿಲ್ಲ. ಕಣ್ಣು ಆಮೇಲೆ ಕೆಟ್ಟಿತೇನೋ, ಯಾಕೆ ಯಾರೂ ಹೇಳಲ್ಲ ಅಂತ ಕೊರಗೋರು. ಮೊನ್ನೆ ಜ್ವರದಲ್ಲೂ ಅದೇ."

"ಕೊನೇವರೆಗೂ ಕಾಣಿಸ್ತಿತ್ತಮ್ಮ" ಎಂದೆ. "ಹೋದ ದಿನವೂ ಅಕ್ಕಿ ಆರಿಸ್ತಿದ್ದಳು."

ಆಕೆ ಗಂಡನ ಕಡೆ ಬಾಗಿ, ಹಣೆಯ ಮೇಲೆ ಕೈಯಿಟ್ಟು, ಕಿವಿ ಮಂದವಾದವರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದರು:

"ಕೇಳಿಸ್ತಾ? ಕೊನೇವರೆಗೂ ಕಾಣಿಸ್ತಿತ್ತಂತೆ."